ಕಚೇರಿಯ ಸಂಬೋಧನೆಗಳು: ಒಂದು ವಿವೇಚನೆ

ಶಾಸನಗಳ ಪಾಠನಿರ್ಣಯ, ಸ್ಥಳನಾಮಗಳ ವ್ಯುತ್ಪತ್ತಿ, ಕವಿಗಳ ಕಾಲವಿಚಾರ ಇವುಗಳಿಗೆ ಮೀಸಲಾದ ಪುಟಗಳಲ್ಲಿ, ಕಚೇರಿಯ ನೌಕರರು ಒಬ್ಬರನ್ನೊಬ್ಬರು ಏನೆಂದು ಕರೆದುಕೊಳ್ಳುತ್ತಾರೆಂಬುದನ್ನು ಚರ್ಚಿಸಹೊರಟರೆ ವಾಚಕರು ಹುಬ್ಬೇರಿಸಿಯಾರು. ಆದರೆ ಕಾವ್ಯದ ಉಪಮೆಗಳನ್ನು ಅಷ್ಟು ಸೂಕ್ಷ್ಮವಾಗಿ ತೂಗಿ ನೋಡಿದ ನಮ್ಮ ವಿಮರ್ಶೆ ಸಂಬೋಧನೆಯನ್ನು ಹೆಚ್ಚುಕಡಿಮೆ ವ್ಯಾಕರಣಕ್ಕೇ ಬಿಟ್ಟುಕೊಟ್ಟಿದೆ. ಚೆನ್ನೈಯಲ್ಲಿ ನೆಲಸಿ, ಮನೆಯಲ್ಲಿ ಒಂದು ಭಾಷೆ, ಮೇಜಿನ ಮುಂದೆ ಎರಡು ಭಾಷೆ ಎಂದು ಬಾಳುವ ನಮ್ಮಂಥವರಿಗೆ ಈ ಸಂಗತಿ ದಿನದಿನವೂ ಎದುರಾಗುವಂಥದು.

ಮೊದಲು ನಮ್ಮ ಸಾಹಿತಿಗಳ ಹೆಸರುಗಳನ್ನೇ ನೋಡಬಹುದು. ಬಿ.ಎಂ.ಶ್ರೀ., ಡಿ.ವಿ.ಜಿ. ಎಂಬಲ್ಲಿ ಇರುವುವು ಇಂಗ್ಲಿಷ್ ಅಕ್ಷರಗಳು, ತೀ.ನಂ.ಶ್ರೀ., ಪು.ತಿ.ನ., ಅ.ನ.ಕೃ., ತ.ರಾ.ಸು. ಎಂಬಲ್ಲಿ ಕನ್ನಡದ ಅಕ್ಷರಗಳು. ಒಂದೆರಡು ದಶಕಗಳ ಅಂತರದಲ್ಲಿ ನಡೆದ ಈ ಪಲ್ಲಟದ ಹಿಂದೆ ಭಾಷಾಭಿಮಾನದ ಒಂದು ಚರಿತ್ರೆಯೇ ಅಡಗಿದೆ. ತಮಿಳರಲ್ಲಿಯೂ ಉ.ವೇ.ಸಾ., ತಿರು.ವಿ.ಕ. ಎಂಬ ರೂಪಗಳು ಇದೇ ಜಾಡಿನವು. ಬ್ಯಾಂಕಿನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳೇ ಗೆದ್ದುವು. ಪ್ರತಿಯೊಂದು ವೋಚರಿನ ಮೂಲೆಯಲ್ಲಿ, ಲೆಡ್ಜರಿನ ಪ್ರತಿಯೊಂದು ಬಾಬಿನ ಪಕ್ಕದಲ್ಲಿ ಹಾಕಬೇಕಾಗಿದ್ದ ಚಿಕ್ಕ ರುಜುವೇ ಆ ಮನುಷ್ಯನ ಹೆಸರಾಯಿತು. ‘ಕೆ.ವಿ. ಬಂದರೇ?’ ಎಂದು ಕೇಳುವವನಿಗೆ ಕೆ. ಎಂದರೆ ಯಾವ ಊರು, ವಿ. ಎಂದರೆ ಯಾರ ಹೆಸರು ಎಂಬುದು ಬೇಕಿರಲಿಲ್ಲ. ಲೆಡ್ಜರುಗಳು ಹೋಗಿ ಗಣಕಯಂತ್ರಗಳು ಬಂದ ಮೇಲೆ ಈ ಅಕ್ಷರನಾಮಗಳೂ ಸವೆಯುತ್ತಿವೆ. ಹೊಸಬರು ಮೊದಲ ಹೆಸರಿಗೆ ಮುಂಬಯಿಯಿಂದ ಬಂದ ‘ಜೀ’ಯನ್ನು ಅಂಟಿಸುತ್ತಾರೆ. ನನ್ನ ಕಿವಿಗೆ ಅದಿನ್ನೂ ಒಗ್ಗಿಲ್ಲವೆಂಬುದು ಬೇರೆ ಮಾತು.

ಸರ್ವನಾಮಗಳ ವಿಷಯ ಇದಕ್ಕಿಂತ ಗಹನವಾದುದು. ತಮಿಳಿನಲ್ಲಿ ‘ನೀ’, ‘ನೀಂಗಳ್’ ಎಂಬ ಎರಡರ ನಡುವೆ ‘ನೀರ್’ ಎಂಬ ಮಧ್ಯಮ ಮರ್ಯಾದೆಯ ರೂಪವೊಂದಿತ್ತು. ಅದು ತೆಂಕಣ ಜಿಲ್ಲೆಗಳಲ್ಲಿ ಅಷ್ಟಿಷ್ಟು ಉಳಿದು ಚೆನ್ನೈಯ ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾಗಿದೆ. ನಮ್ಮಲ್ಲಿ ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಿದ್ದರೂ ‘ತಾವು’ ಎಂಬುದು ಪತ್ರವ್ಯವಹಾರಕ್ಕೂ ಆಹ್ವಾನಪತ್ರಿಕೆಗೂ ಸಂದುಹೋಗಿದೆ. ಆದರೆ ಕನ್ನಡಿಗನು ಸರ್ವನಾಮದಿಂದ ಮಾಡಲಾಗದುದನ್ನು ಕ್ರಿಯಾಪದದ ಬಾಲದಿಂದ ಮಾಡಿಕೊಳ್ಳುತ್ತಾನೆ. ಬಾರೋ, ಬಾರಪ್ಪ, ಬಾರಯ್ಯ, ಬನ್ನಿ, ಬನ್ರೀ: ಇವುಗಳಲ್ಲಿ ಒಂದೊಂದೂ ಒಂದೊಂದು ನೆಂಟಸ್ತಿಕೆ. ಅದರಲ್ಲೂ ಆ ‘ರೀ’ ಎಂಬುದು ಬಲು ಚಮತ್ಕಾರದ ಪ್ರತ್ಯಯ. ಗೃಹಿಣಿಯು ಗಂಡನನ್ನು ಕರೆಯುವುದೂ ಅದರಿಂದಲೇ, ಪಕ್ಕದ ಮೇಜಿನವನನ್ನು ಎಚ್ಚರಿಸುವುದೂ ಅದರಿಂದಲೇ. ನನ್ನ ತಮಿಳು ಮಿತ್ರರೊಬ್ಬರು ಇದನ್ನು ಕೇಳಿ ಕೇಳಿ, ‘ರೀ’ ಎಂಬುದು ಯಾರೋ ಒಬ್ಬರ ಹೆಸರೆಂದೇ ಬಹುಕಾಲ ಭಾವಿಸಿದ್ದರು.

‘ಅಯ್ಯ’ ಎಂಬ ಶಬ್ದದ ಗತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ಹೊರತಂದ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, 1968ರಿಂದ 1971ರವರೆಗೆ ಈ ಊರಿನ ವಿಶ್ವವಿದ್ಯಾಲಯವೇ ಪ್ರಕಟಿಸಿತೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ. ತಂದೆ, ಒಡೆಯ, ಗುರು ಎಂಬ ಅರ್ಥಗಳನ್ನು ಹೊತ್ತ ಈ ಶಬ್ದವನ್ನು ಹನ್ನೆರಡನೆಯ ಶತಮಾನದ ಶರಣರು ಕಾಯಕದ ಹೆಸರುಗಳೊಡನೆ ಬೆಸೆದರು. ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ: ಕಸುಬನ್ನು ಮುಚ್ಚಿಡದೆ, ಕಸುಬಿನವನನ್ನು ಕೀಳ್ಗಳೆಯದೆ ಹೆಸರಿಸುವ ಕ್ರಮವಿದು. ಈ ಕೂಟದ ನಡುವೆ ಇದ್ದ ಬಸವಣ್ಣನವರು ಬಿಜ್ಜಳನ ಭಂಡಾರಿ. ಲೆಕ್ಕಪತ್ರಗಳ ನಡುವೆ ಬಾಳಿದವರು. ಕರೆಯುವ ಮಾತಿನ ಮರ್ಯಾದೆಯಲ್ಲಿ ಸ್ವರ್ಗವನ್ನೂ, ಗದರಿಕೆಯ ಕರೆಯಲ್ಲಿ ನರಕವನ್ನೂ ಅವರು ಕಂಡದ್ದು ಕೇವಲ ನೀತಿಬೋಧೆಯೆಂದು ನನಗೆ ತೋರುವುದಿಲ್ಲ. ಅಧಿಕಾರದ ಪೀಠದಲ್ಲಿ ಕುಳಿತವನಿಗೆ ನಾಲಗೆ ಎಷ್ಟು ಸುಲಭವಾಗಿ ಜಾರುತ್ತದೆಂಬುದು ಅವರಿಗೆ ಅನುಭವದಿಂದಲೇ ತಿಳಿದಿದ್ದೀತು. ವಿಪರ್ಯಾಸವೆಂದರೆ, ಆ ‘ಅಯ್ಯ’ ಇಂದಿನ ಕನ್ನಡದಲ್ಲಿ ಏಕವಚನದ ಒಡನಾಡಿ. ‘ಏನಯ್ಯ’ ಎಂದು ಹಿರಿಯರನ್ನು ಕರೆದವನು ಪೆಟ್ಟು ತಿಂದಾನು. ತಮಿಳಿನಲ್ಲಿ ಮಾತಿನ ಮೊದಲಿಗೆ ಬರುವ ‘ಐಯಾ’ ಇನ್ನೂ ತನ್ನ ಗೌರವವನ್ನು ಉಳಿಸಿಕೊಂಡಿದೆ. ಕ್ರಿಯಾಪದದ ಕೊನೆಗೆ ಇಳಿದು ‘ವಾಯ್ಯಾ’ ಎಂದಾದಾಗ ಅಲ್ಲಿಯೂ ಸಲಿಗೆಯೇ.

ಸಲಿಗೆಯೆಲ್ಲ ಸ್ನೇಹವೆಂದು ಬಗೆಯುವವರು ಬಹಳ ಮಂದಿ. ಚೆನ್ನೈಯ ಯುವಕರ ‘ಮಚ್ಚಾನ್’ ಇಂದು ಬೆಂಗಳೂರಿನ ಕಚೇರಿಗಳಲ್ಲಿ ‘ಮಚ್ಚಾ’ ಆಗಿ ಓಡಾಡುತ್ತಿದೆ. ಭಾವಮೈದುನನ ನಂಟನ್ನು ಗೆಳೆತನಕ್ಕೆ ಹಚ್ಚುವ ಈ ಪದ್ಧತಿ ಹೊಸತೆಂದು ದೂರುವವರು ಕುಮಾರವ್ಯಾಸನ ಉದ್ಯೋಗಪರ್ವವನ್ನು ತೆರೆದು ನೋಡಲಿ. ಕೃಷ್ಣನು ಕರ್ಣನಿಗೆ ಜನ್ಮರಹಸ್ಯವನ್ನು ಅರುಹುವ ಮುನ್ನ ಅವನೊಡನೆ ಮೈದುನನಂತೆ ಸರಸವಾಡಿ, ಎಳೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುತ್ತಾನೆ. ಕರ್ಣನಿಗೆ ಹಿಗ್ಗಲ್ಲ, ಅಂಜಿಕೆ. ಸಮಾನಪೀಠ ತನಗೆ ತಕ್ಕುದೇ ಎಂದು ಹಿಂಜರಿಯುತ್ತಾನೆ. ಸೂತಪುತ್ರನೆಂದು ಜೀವಮಾನವೆಲ್ಲ ಕರೆಸಿಕೊಂಡವನ ಕಿವಿಗೆ ನಂಟಿನ ಮಾತು ಮೊದಲು ಬೀಳುವ ಬಗೆ ಅದು. ಕೃಷ್ಣನ ರಾಜತಂತ್ರವನ್ನು ಕುರಿತು ಬೇಕಾದಷ್ಟು ಬರೆದ ನಮ್ಮ ವಿಮರ್ಶಕರು ಈ ಹಿಂಜರಿಕೆಯ ಮುಂದೆ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು.

ಇದೇ ಊರಿನ ಉಡುಪಿ ಹೋಟೆಲುಗಳ ‘ಮಾಣಿ’ಯನ್ನು ನೆನೆಯಬಹುದು. ಕರಾವಳಿಯಲ್ಲಿ ಹುಡುಗನೆಂಬ ಅರ್ಥದ ಅಕ್ಕರೆಯ ಮಾತು ಅದು. ಹೋಟೆಲಿನ ಒಳಮನೆಯಲ್ಲಿ ಅಡಿಗೆಯವರು ‘ಭಟ್ಟರು’ ಎಂದು ಬಹುವಚನ ಪಡೆದರೆ, ತಲೆ ನರೆತರೂ ತಟ್ಟೆ ಹೊರುವವನು ಮಾಣಿಯೇ.

ಅನ್ಯರನ್ನು ಹೇಳಿ ಫಲವೇನು? ನಾನು ಕೆಲಸಮಾಡಿದ ಶಾಖೆಯೊಂದರಲ್ಲಿ ದಫ್ತರಿಯೊಬ್ಬನಿದ್ದ. ವೋಚರುಗಳನ್ನು ಹೊಲಿದು ಕಟ್ಟುವುದು, ಮೊಹರುಗಳನ್ನು ಮೇಜಿನಿಂದ ಮೇಜಿಗೆ ಒಯ್ಯುವುದು ಅವನ ಕೆಲಸ. ಅವನನ್ನು ಎಲ್ಲರೂ ‘ಸೀಲು’ ಎಂದು ಕರೆಯುತ್ತಿದ್ದರು. ಅವನಿಗಿಂತ ಇಪ್ಪತ್ತೈದು ವರ್ಷ ಕಿರಿಯನಾದ ನಾನೂ ಹಾಗೆಯೇ ಕರೆದೆ. ತಮಿಳಿನಲ್ಲಿ, ‘ನೀ’ ಎಂದೇ, ಆರು ವರ್ಷ. ಅವನು ನಗುತ್ತಲೇ ಬರುತ್ತಿದ್ದುದರಿಂದ ಅದು ಪ್ರೀತಿಯ ಹೆಸರೆಂದು ನಂಬಿಕೊಂಡಿದ್ದೆ. ಅವನ ನಿವೃತ್ತಿಯ ಕಾಗದಗಳು ನನ್ನ ಮೇಜಿಗೆ ಬಂದಾಗ, ಇದು ಯಾರದೆಂದು ಪಕ್ಕದವರನ್ನು ಕೇಳಬೇಕಾಯಿತು. ಹೆಸರಿನ ಕೊನೆಗೆ ‘ಅಪ್ಪ’ ಎಂದಿತ್ತು, ಹುಟ್ಟೂರು ಹೊಸೂರು ತಾಲ್ಲೂಕಿನ ಒಂದು ಹಳ್ಳಿ, ಮಾತೃಭಾಷೆ ಕನ್ನಡ. ನಾನು ಕನ್ನಡಿಗನೆಂಬುದು ಅವನಿಗೆ ಮೊದಲ ದಿನದಿಂದಲೂ ತಿಳಿದಿತ್ತಂತೆ. ದೂರವಾಣಿಯಲ್ಲಿ ನಾನು ಮನೆಯವರೊಡನೆ ಆಡುವ ಮಾತನ್ನು ಅವನು ಕೇಳಿಸಿಕೊಳ್ಳುತ್ತಿದ್ದ. ಹೊರನಾಡ ಕನ್ನಡಿಗರ ಭಾಷಾಸಮಸ್ಯೆಯನ್ನು ಕುರಿತು ನಾನು ಸಭೆಗಳಲ್ಲಿ ಪ್ರಬಂಧಗಳನ್ನು ಓದುತ್ತಿದ್ದ ವರ್ಷಗಳೇ ಅವು.

ಬೀಳ್ಕೊಡುಗೆಯ ಸಂಜೆ ಅವರು ರುಜು ಹಾಕಲು ನನ್ನ ಬಳಿಗೆ ಬಂದರು. ಹೆಸರನ್ನು ಪೂರ್ತಿಯಾಗಿ ಹೇಳಿ, ಕನ್ನಡದಲ್ಲಿ, ‘ನೀವು ಕೂತುಕೊಳ್ಳಿ’ ಎಂದೆ. ಅವರು ಕೂರಲಿಲ್ಲ; ನಾನು ಯಾರಿಗೆ ಹೇಳಿದೆನೆಂದು ತಿಳಿಯದೆ ಹಿಂದಿರುಗಿ ಬಾಗಿಲ ಕಡೆ ನೋಡಿದರು.