ದಿಲ್ಲಿ ಜೈಲಿನಲ್ಲಿ ಇಬ್ಬರು ಗೂಢಚಾರರು

ಗೂಢಚಾರಿ ಸಿನಿಮಾ ಎಂದರೆ ಕನ್ನಡಿಗರಿಗೆ ಥಟ್ಟನೆ ನೆನಪಾಗುವುದು ರಾಜ್‌ಕುಮಾರ್ ಅವರ ಸಿ.ಐ.ಡಿ. 999. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯಿಂದ ಶುರುಮಾಡಿದ ಆ ಸರಣಿ ಜೇಮ್ಸ್ ಬಾಂಡ್ ಜಾಡಿನದು: ಸೂಟು, ಪಿಸ್ತೂಲು, ಹೊಡೆದಾಟ, ನಡುನಡುವೆ ಹಾಡು. ಆ ಖುಷಿಯನ್ನು ಹೀಗಳೆಯಬೇಕಾದ್ದೇನಿಲ್ಲ. ಆದರೆ ಗುಂಡೇ ಹಾರದ ಕಡೆ ಎದೆ ಡವಗುಟ್ಟಿಸುವ ಕತೆಗಳ ರುಚಿ ಬೇರೆಯೇ. ನನ್ನ ಓದಿನಲ್ಲಿ ಅದಕ್ಕೆ ಜಾನ್ ಲೆ ಕಾರೆಯ ‘ಟಿಂಕರ್ ಟೈಲರ್ ಸೋಲ್ಜರ್ ಸ್ಪೈ’ (1974) ಕಾದಂಬರಿಯನ್ನು ಮೀರಿಸಿದ್ದು ಇಲ್ಲ.

ಲೆ ಕಾರೆಯ ನಿಜನಾಮ ಡೇವಿಡ್ ಕಾರ್ನ್‌ವೆಲ್. ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳಲ್ಲಿ ದುಡಿದು ಬಂದವನು. ಅಂಬಾಲಾದಲ್ಲಿ ಹುಟ್ಟಿ, ಕಿಪ್ಲಿಂಗನ ಬಾಲನಾಯಕ ಕಿಮ್‌ನ ಹೆಸರನ್ನೇ ಅಡ್ಡಹೆಸರಾಗಿ ಪಡೆದಿದ್ದ ಕಿಮ್ ಫಿಲ್ಬಿ ಅದೇ ವ್ಯವಸ್ಥೆಯೊಳಗೆ ವರ್ಷಗಟ್ಟಲೆ ಸೋವಿಯತ್ ಬೇಹುಗಾರನಾಗಿದ್ದು, 1963ರಲ್ಲಿ ಬೈರೂತ್‌ನಿಂದ ಮಾಸ್ಕೋಗೆ ಪರಾರಿಯಾದ. ಕಾದಂಬರಿಯ ಬೆನ್ನಿಗಿರುವುದು ಆ ಗಾಯ. ಸಂಸ್ಥೆಯ ತುತ್ತತುದಿಯಲ್ಲಿರುವ ನಾಲ್ವರಲ್ಲಿ ಮಾಸ್ಕೋದ ಮನುಷ್ಯ ಯಾರು? ಪತ್ತೆಹಚ್ಚಲು ಕರೆಬರುವುದು ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತ ಜಾರ್ಜ್ ಸ್ಮೈಲಿಗೆ. ಕುಳ್ಳ, ಡುಮ್ಮ, ದಪ್ಪ ಕನ್ನಡಕವನ್ನು ಟೈ ತುದಿಯಲ್ಲಿ ಒರೆಸಿಕೊಳ್ಳುವವನು. ಹೆಂಡತಿ ಆ್ಯನ್ ಬಿಟ್ಟುಹೋಗಿದ್ದಾಳೆ.

ಇಡೀ ಕತೆಯ ಬೇರು ಇರುವುದು ದಿಲ್ಲಿಯಲ್ಲಿ. 1955, ತಡೆಯಲಾರದ ಸೆಕೆ. ಜೈಲಿನ ಕೋಣೆಯಲ್ಲಿ ಸ್ಮೈಲಿಯ ಎದುರು ಮುಂದೆ ಮಾಸ್ಕೋದ ಮಹಾ ಸೂತ್ರಧಾರನಾಗಲಿರುವ ಕಾರ್ಲಾ ಕೂತಿದ್ದಾನೆ. ‘ಊರಿಗೆ ಹೋದರೆ ನಿನ್ನನ್ನು ಕೊಲ್ಲುತ್ತಾರೆ, ನಮ್ಮ ಕಡೆ ಬಾ’ ಎಂಬುದು ಸ್ಮೈಲಿಯ ವಾದ. ಕಾರ್ಲಾ ತುಟಿ ಬಿಚ್ಚುವುದಿಲ್ಲ. ಉತ್ತರ ಸಿಗದಷ್ಟೂ ಸ್ಮೈಲಿಯ ಮಾತು ಹೆಚ್ಚುತ್ತದೆ. ಹೆಂಡತಿಯ ವಿಷಯಕ್ಕೆ ಬಂದು, ಕೈದಿಯ ಸಂಸಾರದ ನೆಪದಲ್ಲಿ ತನ್ನದನ್ನೇ ಬಿಚ್ಚಿಡುತ್ತಾನೆ. ವಿಚಾರಣೆ ಮಾಡುತ್ತಿರುವವನು ಕಾರ್ಲಾ ಎಂದು ಓದುಗರಿಗೆ ಹೊಳೆಯುವಾಗ ಮೈ ಜುಮ್ಮೆನ್ನುತ್ತದೆ. ಸಿಗರೇಟಿಗಾಗಿ ಹಾತೊರೆಯುವ ಆ ಮನುಷ್ಯ ಸ್ಮೈಲಿ ಕೊಟ್ಟ ಪ್ಯಾಕನ್ನು ಮುಟ್ಟದೆ ಬಿಡುತ್ತಾನೆ. ಆ್ಯನ್ ಉಡುಗೊರೆ ಕೊಟ್ಟಿದ್ದ, ಅವಳ ಒಲವಿನ ಮಾತು ಕೆತ್ತಿದ ಲೈಟರನ್ನು ಮಾತ್ರ ಒಯ್ಯುತ್ತಾನೆ. ವರ್ಷಗಳ ನಂತರ ಸ್ಮೈಲಿಯ ಕಣ್ಣಿಗೆ ಮಣ್ಣೆರಚಲು ಅವನು ಬಳಸುವುದು ಅಂದು ತಿಳಿದುಕೊಂಡ ಈ ದೌರ್ಬಲ್ಯವನ್ನೇ.

ಪುಸ್ತಕದಲ್ಲಿ ಇದನ್ನು ಸ್ಮೈಲಿ ಕಿರಿಯ ಸಹೋದ್ಯೋಗಿ ಗಿಲಮ್‌ಗೆ ಹೇಳಿಕೊಳ್ಳುತ್ತಾನೆ. ಅವನ ನಾಚಿಕೆಯೂ ನಮಗೆ ಕೇಳಿಸುತ್ತದೆ. 1979ರ ಬಿಬಿಸಿ ಧಾರಾವಾಹಿಯಲ್ಲಿ ಅಲೆಕ್ ಗಿನ್ನೆಸ್ ಎದುರು ಕಾರ್ಲಾ ಆಗಿ ಕೂರುವ ಪ್ಯಾಟ್ರಿಕ್ ಸ್ಟೂವರ್ಟ್‌ಗೆ ಒಂದೂ ಮಾತಿಲ್ಲ, ಬರೀ ಕಣ್ಣು. ಚೆನ್ನಾಗಿದೆ, ಆದರೂ ಮುಖ ಕಂಡೊಡನೆ ಭಯ ಒಂದು ಗುಲಗಂಜಿಯಷ್ಟು ಇಳಿಯುತ್ತದೆ. ತೋಮಾಸ್ ಆಲ್ಫ್ರೆಡ್‌ಸನ್ ನಿರ್ದೇಶನದ 2011ರ ಚಿತ್ರದಲ್ಲಿ ಗ್ಯಾರಿ ಓಲ್ಡ್‌ಮನ್ ಲಂಡನ್ನಿನ ಕೋಣೆಯೊಂದರಲ್ಲಿ ಖಾಲಿ ಕುರ್ಚಿಯನ್ನು ನೋಡುತ್ತಾ ಅಂದಿನ ಮಾತುಗಳನ್ನೆಲ್ಲ ಮತ್ತೆ ಆಡುತ್ತಾನೆ. ಫ್ಲ್ಯಾಶ್‌ಬ್ಯಾಕ್ ಇಲ್ಲ, ದಿಲ್ಲಿ ಇಲ್ಲ, ಕಾರ್ಲಾನೂ ಇಲ್ಲ. ಆ ಕುರ್ಚಿಯಲ್ಲಿ ಅವನನ್ನು ಕೂರಿಸುವವರು ನಾವೇ. ಈ ಒಂದು ದೃಶ್ಯದ ಮಟ್ಟಿಗೆ ಚಿತ್ರವೇ ಗೆದ್ದಿತು ಎನ್ನುತ್ತೇನೆ.

ಗಿಲಮ್ ತನ್ನದೇ ಕಚೇರಿಯ ದಾಖಲೆ ಕೋಣೆಯಿಂದ ಕಡತ ಕದಿಯುವ ದೃಶ್ಯವೂ ಹಾಗೆಯೇ. ಒಂದು ಚೀಲ, ಗ್ಯಾರೇಜಿನವನ ಹೆಸರಲ್ಲಿ ಬರುವ ಒಂದು ಫೋನ್ ಕರೆ, ಅಷ್ಟೇ ಸಾಮಗ್ರಿ. ಉಸಿರು ಬಿಗಿಹಿಡಿದು ನೋಡುತ್ತೇವೆ.

ಆದರೆ ಈ ಚಿತ್ರ ಎಡವಿರುವುದು ಸಣ್ಣ ಕಡೆಯಲ್ಲಲ್ಲ. ಎರಡು ಗಂಟೆಯ ಚೌಕಟ್ಟಿನಲ್ಲಿ ನಾಲ್ವರು ಶಂಕಿತರು ನಮಗೆ ಪರಿಚಯವೇ ಆಗುವುದಿಲ್ಲ. ರಾಯ್ ಬ್ಲಾಂಡ್ ಪಾತ್ರಕ್ಕೆ ಮಾತೇ ಇಲ್ಲವೆನ್ನಬಹುದು. ಹೀಗಿರುವಾಗ ದ್ರೋಹಿ ಯಾರೆಂದು ಗೊತ್ತಾದರೂ ನೋವಾಗದು. ದ್ರೋಹ ಚುಚ್ಚಬೇಕಾದರೆ ಮೊದಲು ಆ ಮನುಷ್ಯ ನಮಗೆ ಹಿಡಿಸಿರಬೇಕಲ್ಲವೇ? ಏಳು ಕಂತಿನ ಧಾರಾವಾಹಿಗೆ ಈ ತೊಂದರೆಯಿಲ್ಲ. ಅದರ ಮೊದಲ ದೃಶ್ಯದಲ್ಲಿ ನಾಲ್ವರೂ ಒಬ್ಬೊಬ್ಬರಾಗಿ ಸಭೆಯ ಕೋಣೆಗೆ ಬಂದು ಕೂರುತ್ತಾರೆ. ಕೊನೆಯವನು ಚಹಾದ ಕಪ್ಪಿಗೆ ಸಾಸರ್ ಮುಚ್ಚಿಕೊಂಡು ಬರುತ್ತಾನೆ, ಬಾಗಿಲನ್ನು ತೆರೆದೇ ಬಿಡುತ್ತಾನೆ. ಯಾರೂ ಬಾಯಿ ಬಿಡುವ ಮೊದಲೇ ಒಬ್ಬೊಬ್ಬರ ಸ್ವಭಾವವೂ ಕಣ್ಣಿಗೆ ಕಟ್ಟುತ್ತದೆ.

ಹೊಸಬರು ಪುಸ್ತಕದಿಂದಲೇ ಶುರುಮಾಡಲಿ. ಮೊದಲ ನೂರು ಪುಟ ತಡವರಿಸುತ್ತೀರಿ, ನಿಜ. ಲೆ ಕಾರೆ ತನ್ನ ಬೇಹುಗಾರರ ಒಳನುಡಿಗಳಿಗೆ ಅರ್ಥ ಹೇಳಿಕೊಡುವ ಗೋಜಿಗೇ ಹೋಗುವುದಿಲ್ಲ. ಪಟ್ಟುಬಿಡದೆ ಓದಿ. ಆಮೇಲೆ ಧಾರಾವಾಹಿ, ಕಡೆಗೆ ಸಿನಿಮಾ. ಓಲ್ಡ್‌ಮನ್ ಸುಮ್ಮನೆ ಕೂತಾಗ ಅವನ ತಲೆಯಲ್ಲಿ ಓಡುತ್ತಿರುವುದೇನೆಂದು ಪುಸ್ತಕ ಓದಿದವರಿಗಷ್ಟೇ ಪೂರ್ತಿ ಗೊತ್ತಾಗುತ್ತದೆ.