ಕಡಲೇ ಸಮಾಧಿಯಾದವರ ಹೆಸರುಗಳು

ಮುಂಬಯಿಯ ಮಸ್ಜಿದ್ ಬಂದರಿನ ಗೋದಾಮು, ಕೈಗಾಡಿಗಳ ಗಜಿಬಿಜಿಯಲ್ಲಿ ಇಂಡಿಯನ್ ಸೈಲರ್ಸ್ ಹೋಮ್ ಇದೆ. ಹಡಗಿಳಿದ ಖಲಾಸಿಗಳು ತಂಗಲೆಂದು ಹುಟ್ಟಿದ ಈ ಮನೆಯ ಸ್ಮಾರಕ, ಮೊದಲ ಮಹಾಯುದ್ಧದಲ್ಲಿ ಕಡಲುಪಾಲಾದ 2,000ಕ್ಕೂ ಹೆಚ್ಚು ನಾವಿಕರನ್ನು ನೆನೆಯುತ್ತದೆ. ಎರಡನೆಯ ಯುದ್ಧದಲ್ಲಿ ಮಡಿದ 6,000ಕ್ಕೂ ಹೆಚ್ಚು ಮಂದಿಗೂ ಇಲ್ಲೇ ನೆನಪಿನ ನೆಲೆ. ಇದರ ಹಿರಿಮೆ ಇರುವುದು ಕಟ್ಟಡದ ಅಂದದಲ್ಲಲ್ಲ, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುವುದರಲ್ಲಿ. ಇರಾಕಿನ ಬಸ್ರಾದ ಯುದ್ಧಸ್ಮಾರಕದಲ್ಲಿ ಭಾರತೀಯರ ಪೈಕಿ ಅಧಿಕಾರಿಗಳಿಗಷ್ಟೇ ಹೆಸರು. ಸಾಮಾನ್ಯ ಸಿಪಾಯಿಗಳು ರೆಜಿಮೆಂಟಿನ ಕೆಳಗಿನ ಬರೀ ಅಂಕಿ. ಇಲ್ಲಿ ಖಲಾಸಿಗಳ ಮುಖಂಡನಾದ ಸಾರಂಗ, ಅವನ ಕೈಕೆಳಗಿನ ತಾಂಡೇಲ, ಅಡುಗೆಯ ಭಂಡಾರಿ ಎಲ್ಲರಿಗೂ ಹೆಸರಿದೆ.

ಇವರು ಕೂಲಿಗೆ ಹೋದವರು, ಯೋಧರಲ್ಲ, ಅದೂ ಪರರ ಯುದ್ಧಕ್ಕೆ ಎಂದು ಯಾರಾದರೂ ಆಕ್ಷೇಪಿಸಬಹುದು. ಯುದ್ಧ ಪರರದೆಂಬುದು ನಿಜ. ಬಿಳಿಯ ನಾವಿಕರಿಗಿಂತ ಬಹಳ ಕಡಿಮೆ ಸಂಬಳಕ್ಕೆ ಇವರು ದುಡಿದದ್ದೂ ನಿಜ. ಆದರೆ ಟಾರ್ಪಿಡೊ ಸಂಬಳದ ಪಟ್ಟಿ ನೋಡಿ ಬಡಿಯುವುದಿಲ್ಲ. ಕಲ್ಲಿದ್ದಲು ಹೊತ್ತು ತರುವ ಟ್ರಿಮ್ಮರ್, ಅದನ್ನು ಕುಲುಮೆಗೆ ಎಸೆಯುವ ಫೈರ್‌ಮನ್ ಇಬ್ಬರೂ ನೀರಿನ ಮಟ್ಟಕ್ಕಿಂತ ಕೆಳಗೆ, ಬಾಯ್ಲರಿನ ಪಕ್ಕದಲ್ಲಿದ್ದವರು. ಏಣಿ ಹತ್ತಿ ಪಾರಾಗುವ ಅವಕಾಶ ಅವರಿಗೇ ಎಲ್ಲರಿಗಿಂತ ಕಡಿಮೆ. ಅವರನ್ನು ನೆನೆಯುವುದೆಂದರೆ ಬ್ರಿಟಿಷ್ ಸಾಮ್ರಾಜ್ಯವನ್ನು ಹೊಗಳುವುದಲ್ಲ, ಅದು ಯಾರ ಬೆವರಿನ ಮೇಲೆ ತೇಲುತ್ತಿತ್ತೆಂದು ಲೆಕ್ಕ ಕೇಳುವುದು. ಗೇಟ್‌ವೇ ಆಫ್ ಇಂಡಿಯಾ ನೋಡಲು ಬರುವ ಕನ್ನಡಿಗರು ಮಸ್ಜಿದ್ ಬಂದರಿಗೂ ಒಮ್ಮೆ ಹೋಗಿ ಬರಬೇಕು.