ಮನೆಯ ಮಾನಿಟರಿಗೊಂದು ಜೋಡಿ

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಎರಡು ಬಗೆ ಎಂದು ನಮ್ಮ ತಾತ ಹೇಳುತ್ತಿದ್ದರು. ಜೋಡಿಯನ್ನೇ ಹೊಡೆದುಕೊಂಡು ಹೋಗುವವರು ಒಂದು ಬಗೆ. ಕೊಟ್ಟಿಗೆಯಲ್ಲಿ ಉಳಿದ ಒಂಟಿ ಎತ್ತಿಗೆ ಜೊತೆ ಹುಡುಕುವವರು ಇನ್ನೊಂದು. ತಿಳಿದವರಾದರೆ ಈ ಎರಡನೆಯವರು ಮನೆಯ ಎತ್ತನ್ನೂ ಜಾತ್ರೆಗೆ ತರುತ್ತಾರೆ. ಪಕ್ಕದಲ್ಲಿ ನಿಲ್ಲಿಸಿ ಹೆಗಲಿನ ಎತ್ತರ ನೋಡದೆ, ನಾಲ್ಕು ಹೆಜ್ಜೆ ಕೂಡಿ ನಡೆಸದೆ ದುಡ್ಡು ಬಿಚ್ಚುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಎರಡನೇ ಮಾನಿಟರ್ ಕೇಳಿಕೊಂಡು ಬಂದವರನ್ನು ಕಂಡಾಗ ನನಗೆ ಈ ಮಾತು ನೆನಪಾಗುತ್ತದೆ. ಅವರು ಕೇಳುವುದು ಎಷ್ಟು ಇಂಚು, ಎಷ್ಟು ಬೆಲೆ. ಮನೆಯಲ್ಲಿರುವುದು ಯಾವುದು ಎಂದು ವಿಚಾರಿಸಿದರೆ ಅದಕ್ಕೂ ಇಂಚಿನ ಉತ್ತರವೇ.

ನಾನೂ ಹಾಗೆಯೇ ಕೊಂಡವನು. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನ ಪಕ್ಕಕ್ಕೆ 27 ಇಂಚಿನ ಫೋರ್‌ಕೆ ತಂದಿಟ್ಟೆ. ಮೂರು ವಾರ ಕಳೆಯುವಷ್ಟರಲ್ಲಿ ಸಂಜೆಯಾದರೆ ಕಣ್ಣುರಿ, ಹಣೆನೋವು. ಬಿಡಿಬಿಡಿಯಾಗಿ ನೋಡಿದರೆ ಎರಡೂ ಒಳ್ಳೆಯವೇ. ಕೂಡಿ ಬರಲಿಲ್ಲ, ಅಷ್ಟೆ. ಒಂದರಲ್ಲಿ ಮೂಲಪ್ರತಿ, ಇನ್ನೊಂದರಲ್ಲಿ ತಿದ್ದುವ ಪುಟ ಇಟ್ಟುಕೊಂಡು ಕೂತರೆ ನೋಟ ಗಂಟೆಗೆ ನೂರಾರು ಸಲ ಅತ್ತಿಂದಿತ್ತ ದಾಟುತ್ತದೆ. ದಾಟಿದಾಗಲೆಲ್ಲ ಅಕ್ಷರದ ಗಾತ್ರ ಬೇರೆ, ಬಿಳುಪು ಬೇರೆ, ಸಾಲಿನ ಎತ್ತರ ಬೇರೆ. ಅಂದಿನಿಂದ ನಾನು ಮೊದಲು ಪರೀಕ್ಷಿಸುವುದು ಈ ದಾಟುವ ದಾರಿ ಸಮವಾಗಿದೆಯೇ ಎಂಬುದನ್ನು. ಉಳಿದ ಗುಣಗಳೆಲ್ಲ ಆಮೇಲೆ.

ಎರಡು ಪರದೆಯ ಮೇಜು ಹೊಸದಲ್ಲ. 1981ರ ಐಬಿಎಂ ಪಿಸಿಯಲ್ಲೇ ಅಕ್ಷರಕ್ಕೆ ಎಂಡಿಎ, ಬಣ್ಣಕ್ಕೆ ಸಿಜಿಎ ಎಂಬ ಎರಡು ಕಾರ್ಡುಗಳನ್ನು ಒಟ್ಟಿಗೆ ಕೂರಿಸಬಹುದಿತ್ತು. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ ಬಳಸುವ ಲೆಕ್ಕಿಗರು ಅಂಕಿಗಳನ್ನು ಹಸಿರು ಪರದೆಯಲ್ಲಿ, ಗ್ರಾಫನ್ನು ಬಣ್ಣದ ಪರದೆಯಲ್ಲಿ ನೋಡುತ್ತಿದ್ದರು. 1987ರ ಮ್ಯಾಕಿಂಟಾಷ್ ಟೂ ಕಂಪ್ಯೂಟರಿಗೆ ಹಲವು ಪರದೆ ಜೋಡಿಸಬಹುದಿತ್ತು; ಸಾಮಾನ್ಯರ ಮೇಜಿಗೆ ಆ ಸೌಲಭ್ಯ ಬಂದದ್ದು ವಿಂಡೋಸ್ 98ರ ಜೊತೆ. ಆ ಲೋಟಸ್ ಜೋಡಿಯಲ್ಲಿ ಒಂದಕ್ಕೊಂದು ಯಾವ ಸಾಮ್ಯವೂ ಇರಲಿಲ್ಲ, ಆದರೂ ನಡೆಯಿತು. ಅಲ್ಲಿ ನೋಟ ದಾಟುತ್ತಿದ್ದದ್ದು ಅಂಕಿಯಿಂದ ಚಿತ್ರಕ್ಕೆ. ಇಂದು ನಾವು ದಾಟುವುದು ಹೆಚ್ಚಾಗಿ ಅಕ್ಷರದಿಂದ ಅಕ್ಷರಕ್ಕೆ. ಎರಡನೇ ಪರದೆಯಲ್ಲಿ ಸಿನಿಮಾ ಅಥವಾ ಕ್ಯಾಮೆರಾ ದೃಶ್ಯ ಮಾತ್ರ ಓಡಿಸುವವರಿಗೆ ಯಾವುದಾದರೂ ಸಾಕು, ಮುಂದಿನ ಮಾತು ಅವರಿಗಲ್ಲ.

ಅಕ್ಷರ ಎಂದ ಮೇಲೆ ಚುಕ್ಕಿಯ ಲೆಕ್ಕ ಬೇಕೇಬೇಕು. ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇವೆ ಎಂಬುದೇ ಚೂಪನ್ನು ನಿರ್ಧರಿಸುತ್ತದೆ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಸುಮಾರು 92. ಅಷ್ಟೇ ಪಿಕ್ಸೆಲ್ಲುಗಳನ್ನು 27 ಇಂಚಿಗೆ ಹರಡಿದರೆ 82ಕ್ಕೆ ಇಳಿಯುತ್ತದೆ. 27 ಇಂಚಿನ ಕ್ಯೂಎಚ್‌ಡಿಯಲ್ಲಿ 109, ಫೋರ್‌ಕೆಯಲ್ಲಿ 163. ಎರಡಡಿ ದೂರದಿಂದ ನೋಡುವ ಸಾಮಾನ್ಯ ದೃಷ್ಟಿಗೆ ಸುಮಾರು 145 ದಾಟಿದ ಮೇಲೆ ಚುಕ್ಕಿ ಬಿಡಿಯಾಗಿ ಕಾಣುವುದಿಲ್ಲ. ಇಂಗ್ಲಿಷ್ ಓದುವವರಿಗೆ 92 ಸಾಕಾಗುತ್ತದೆ. ಕನ್ನಡಕ್ಕೆ ಸಾಕಾಗುವುದಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ. ದಕಾರಕ್ಕೂ ಧಕಾರಕ್ಕೂ ನಡುವೆ ಇರುವುದು ಕೆಳಗಿನ ಒಂದು ಸೀಳು. ರಕಾರದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ಠಕಾರ. ‘ಸ್ವಾತಂತ್ರ್ಯ’ದ ಕೊನೆಯಲ್ಲಿ ತಕಾರದ ಬುಡಕ್ಕೆ ಎರಡು ಒತ್ತು, ‘ಉಜ್ಜ್ವಲ’ದಲ್ಲೂ ಎರಡು. ಹನ್ನೊಂದು ಪಾಯಿಂಟಿನ ಅಕ್ಷರದಲ್ಲಿ ಒತ್ತಿಗೆ ಸಿಗುವ ಜಾಗ ನಾಲ್ಕೈದು ಪಿಕ್ಸೆಲ್. ಅಷ್ಟರಲ್ಲಿ ಅದು ಮಸಿಯ ಗುಡ್ಡೆಯಾಗುತ್ತದೆ. ‘ಧನ’ ಎಂದಿರಬೇಕಾದಲ್ಲಿ ‘ದನ’ ಅಚ್ಚಾದ ಪುಸ್ತಕಗಳ ಹಿಂದೆ ಕೆಟ್ಟ ಪರದೆಯದೂ ಪಾಲಿದೆ ಎಂಬುದು ನನ್ನ ಅನುಭವದ ಮಾತು.

ಹಾಗಾಗಿ ಕನ್ನಡ ಓದಿ ಬರೆಯುವವರಿಗೆ ನನ್ನ ಮೊದಲ ಆಯ್ಕೆ 27 ಇಂಚಿನ ಫೋರ್‌ಕೆ, ಅದೂ ಒಂದೇ ಮಾದರಿಯ ಎರಡು. ವಿಂಡೋಸಿನಲ್ಲಿ ಅಕ್ಷರ, ಚಿಹ್ನೆಗಳನ್ನು ಹಿಗ್ಗಿಸುವ ಸ್ಕೇಲಿಂಗ್ ಶೇ. 150ಕ್ಕೆ ಇಟ್ಟರೆ ಜಾಗವೂ ಸಿಗುತ್ತದೆ, ಒತ್ತಕ್ಷರವೂ ಬಿಡಿಸಿದ ಹಾಗೆ ಕಾಣುತ್ತದೆ. ನನ್ನ ಹಳೆಯ ಬೇಜೋಡಿಯಲ್ಲಿ ಫೋರ್‌ಕೆಯನ್ನು 175ಕ್ಕೆ ಏರಿಸಿ ಗಾತ್ರವನ್ನೇನೋ ಹತ್ತಿರ ತಂದೆ. ಪಕ್ಕದ ಪರದೆಗೆ ಆ ಚೂಪನ್ನು ಎಲ್ಲಿಂದ ತರುವುದು?

ಒಂದು ವಿನಾಯಿತಿ ಇದೆ, ಅದು ನಮ್ಮ ಡಿಟಿಪಿ ಕೇಂದ್ರಗಳಿಗೆ. ಪೇಜ್‌ಮೇಕರ್ 2001ರ 7.0ಕ್ಕೇ ನಿಂತುಹೋದ ತಂತ್ರಾಂಶ. ಆದರೂ ಕನ್ನಡದ ಪುಟವಿನ್ಯಾಸ ಇಂದಿಗೂ ಹಲವೆಡೆ ಅದರಲ್ಲೇ ನಡೆಯುತ್ತದೆ. ಸ್ಕೇಲಿಂಗ್ ಎಂಬುದು ಅದಕ್ಕೆ ಗೊತ್ತಿಲ್ಲ. ಫೋರ್‌ಕೆಯಲ್ಲಿ ತೆರೆದರೆ ವಿಂಡೋಸ್ ಅದನ್ನು ಫೋಟೋ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ, ಅಕ್ಷರವೆಲ್ಲ ಮಂಜು. ಅಂಥವರು ದುಬಾರಿ ಪರದೆಗೆ ದುಡ್ಡು ಹಾಕದೆ 24 ಇಂಚಿನ ಎರಡನ್ನು ಕೊಂಡು ಸ್ಕೇಲಿಂಗನ್ನು ಶೇ. 100ರಲ್ಲೇ ಬಿಡಲಿ.

24 ಇಂಚಿಗೆ ಅದರದ್ದೇ ಒಂದು ಸೊಗಸೂ ಇದೆ. ಅದರ ಎತ್ತರ 29.9 ಸೆಂ.ಮೀ., ಎ4 ಹಾಳೆಯ ಉದ್ದ 29.7. ಇಡೀ ಹಾಳೆ ನಿಜ ಗಾತ್ರದಲ್ಲೇ ನಿಲ್ಲುತ್ತದೆ, ಮೆನು ಪಟ್ಟಿಗೆ ಮಾತ್ರ ಜಾಗ ಉಳಿಯುವುದಿಲ್ಲ. ಹದಿನಾರಕ್ಕೆ ಹತ್ತರ ಅನುಪಾತದ 1920x1200 ಮಾನಿಟರ್ ಸಿಕ್ಕರೆ ಎತ್ತರ 32 ಸೆಂ.ಮೀ. ದಾಟುತ್ತದೆ, ಆ ಕೊರತೆಯೂ ತೀರುತ್ತದೆ. ಡೆಲ್, ಐಜೋ ಮೊದಲಾದವರ ಪಟ್ಟಿಯಲ್ಲಿ ಈ ಅನುಪಾತ ಕಂಡರೆ ನಾನು ಎರಡನೇ ಸಲ ಯೋಚಿಸುವುದಿಲ್ಲ. ಇನ್ನು ಅದೇ 24 ಇಂಚನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸಿ: ಅಗಲ 29.9 ಸೆಂ.ಮೀ., ಎತ್ತರ 53. ನಮ್ಮ ಕಾದಂಬರಿ, ಕಥಾಸಂಕಲನಗಳ ಡೆಮಿ 1/8 ಆಕಾರ ಐದೂವರೆ ಇಂಚಿಗೆ ಎಂಟೂವರೆ. ಎದುರುಬದುರಿನ ಎರಡು ಪುಟ 28 ಸೆಂ.ಮೀ., ಅಗಲಕ್ಕೆ ಹೇಳಿ ಮಾಡಿಸಿದ ಹಾಗೆ. ಅದರ ಕೆಳಗೆ ಇನ್ನೆರಡು. ತೆರೆದ ಪುಸ್ತಕದ ನಾಲ್ಕು ಪುಟ ನಿಜ ಅಳತೆಯಲ್ಲಿ ಕಣ್ಣೆದುರು ಬಂದ ದಿನ ನಾನು ಕೆಲಸ ಬಿಟ್ಟು ಸುಮ್ಮನೆ ನೋಡುತ್ತ ಕೂತಿದ್ದೆ.

ಪರದೆಯನ್ನು ಹೀಗೆ ನೆಟ್ಟಗೆ ನಿಲ್ಲಿಸುವ ಮುನ್ನ ಎರಡು ಎಚ್ಚರ. ಅಗ್ಗದ ಟಿಎನ್ ಪ್ಯಾನೆಲ್ ನೆಟ್ಟಗೆ ನಿಂತರೆ ಎಡಗಣ್ಣಿಗೆ ಒಂದು ಛಾಯೆ, ಬಲಗಣ್ಣಿಗೆ ಇನ್ನೊಂದು. ಹತ್ತು ನಿಮಿಷಕ್ಕೆ ತಲೆ ತಿರುಗುತ್ತದೆ. ಪ್ಯಾನೆಲ್ ಐಪಿಎಸ್ ಬಗೆಯದಾಗಿರಲೇಬೇಕು. ಎರಡನೆಯದು, ವಿಂಡೋಸಿನ ಕ್ಲಿಯರ್‌ಟೈಪ್ ಅಕ್ಷರವನ್ನು ಚೂಪು ಮಾಡುವುದು ಪಿಕ್ಸೆಲ್ಲಿನೊಳಗೆ ಕೆಂಪು, ಹಸಿರು, ನೀಲಿ ಅಡ್ಡಸಾಲಿನಲ್ಲಿವೆ ಎಂಬ ನಂಬಿಕೆಯ ಮೇಲೆ. ಪರದೆ ತಿರುಗಿದರೆ ಆ ಸಾಲೂ ತಿರುಗುತ್ತದೆ, ಅಕ್ಷರದ ಅಂಚಿಗೆ ಬಣ್ಣ ಹತ್ತುತ್ತದೆ. 163ರ ಸಾಂದ್ರತೆಯಲ್ಲಿ ಇದು ಕಣ್ಣಿಗೆ ಬೀಳುವುದು ಕಡಿಮೆ, 92ರಲ್ಲಿ ಬೀಳುತ್ತದೆ. ಹೆಚ್ಚಿನ ಓಎಲ್‌ಇಡಿ ಮಾನಿಟರುಗಳಲ್ಲೂ ಈ ಜೋಡಣೆ ಬೇರೆ ಬಗೆಯದಾದ್ದರಿಂದ ಅಕ್ಷರದ ಕೆಲಸಕ್ಕೆ ನಾನು ಅವನ್ನು ಹೇಳುವುದಿಲ್ಲ, ಸಿನಿಮಾಕ್ಕೆ ಅವು ಎಷ್ಟೇ ಚೆನ್ನಾಗಿರಲಿ.

ಬಾಗಿದ ಪರದೆಯ ಜೋಡಿ ಬೇಡ. ಮಾರುವವರು ಹಾಡಿ ಹೊಗಳುವ 144 ಹರ್ಟ್ಸಿನ ಚಿತ್ರ ಬದಲಾವಣೆಯ ವೇಗ ಆಟಗಾರರಿಗಿರಲಿ. ಕೇಬಲ್ ಮಾತ್ರ ನೋಡಿ ಕೊಳ್ಳಿ: ಹಳೆಯ ಎಚ್‌ಡಿಎಂಐ 1.4ರಲ್ಲಿ ಫೋರ್‌ಕೆ 30 ಹರ್ಟ್ಸಿಗೆ ಇಳಿಯುತ್ತದೆ, ಮೌಸಿನ ಬಾಣ ಕುಂಟುತ್ತದೆ. 2020ರ ಎಂ1 ಮ್ಯಾಕ್‌ಬುಕ್ ಏರ್ ಇರುವವರು ಇನ್ನೂ ಜಾಗ್ರತೆ, ಅದು ಹೊರಗಿನ ಒಂದೇ ಪರದೆಗೆ ಒಪ್ಪುತ್ತದೆ.

ಮೇಜು ಅಳೆಯದೆ ಮನೆ ಬಿಡಬೇಡಿ. 27 ಇಂಚಿನದು ಅಂಚು ಸೇರಿ 61 ಸೆಂ.ಮೀ. ಅಗಲ, ಎರಡಿಟ್ಟರೆ ನಾಲ್ಕಡಿ ಮೇಜು ಪೂರ್ತಿ ಮುಗಿಯಿತು. ಎರಡಡಿ ಆಳದ ಮೇಜಿನಲ್ಲಿ ಸ್ಟ್ಯಾಂಡ್ ಮುಂದಕ್ಕೆ ಬಂದು ಪರದೆ ಮುಖಕ್ಕೆ ತಾಗುವಷ್ಟು ಹತ್ತಿರವಾಗುತ್ತದೆ. ಮೇಜಿನಂಚಿಗೆ ಬಿಗಿಯುವ ಮಾನಿಟರ್ ಆರ್ಮ್ ಇದಕ್ಕೆ ಪರಿಹಾರ, ಗಾಜಿನ ಮೇಜಿಗೆ ಮಾತ್ರ ಬಿಗಿಯಬೇಡಿ. ಮಾನಿಟರಿನ ಬೆನ್ನಲ್ಲಿ ನೂರು ಮಿ.ಮೀ. ಚೌಕದ ನಾಲ್ಕು ವೆಸಾ ತೂತುಗಳಿರಬೇಕು; ಅಗ್ಗದ ಕೆಲವದರಲ್ಲಿ ಅವೇ ಇರುವುದಿಲ್ಲ. ಎರಡನ್ನೂ ಸಮಸಮ ಇಟ್ಟು ನಡುವಿನ ಗೆರೆಗೆ ಮೂಗು ಹಿಡಿದು ಕೂರುವವರ ಕತ್ತು ಇಡೀ ದಿನ ಎಡಕ್ಕೋ ಬಲಕ್ಕೋ ತಿರುಗಿಯೇ ಇರುತ್ತದೆ. ಬರೆಯುವ ಪರದೆ ನೇರ ಎದುರಿಗಿರಲಿ, ನೋಡುವ ಪರದೆ ಪಕ್ಕದಲ್ಲಿ ಸ್ವಲ್ಪ ಒಳಕ್ಕೆ ಓರೆಯಾಗಿ. ಮೇಲಂಚುಗಳು ಒಂದೇ ಮಟ್ಟದಲ್ಲಿ, ಕಣ್ಣಿಗಿಂತ ತುಸು ಕೆಳಗೆ. ನೆಟ್ಟಗೆ ನಿಲ್ಲಿಸಿದ ಪರದೆಗೆ ಮೇಲಂಚಿನ ಮಾತು ಸಲ್ಲದು. ಓದುವ ಸಾಲು ಎದುರು ಪರದೆಯ ಸಾಲಿನ ಮಟ್ಟಕ್ಕೆ ಬಂದರೆ ಸಾಕು.

ಉಳಿದದ್ದು ಬಿಳುಪು. ಒಂದೇ ಮಾದರಿಯ ಎರಡು ಪೆಟ್ಟಿಗೆ ಒಡೆದರೂ ಒಂದು ಹಾಲಿನಂತೆ, ಇನ್ನೊಂದು ಕೆನೆಯಂತೆ ಕಾಣಬಹುದು. ಬೇರೆ ಬೇರೆ ಬ್ಯಾಚಿನಲ್ಲಿ ತಯಾರಾದವಾದರೆ ಇನ್ನೂ ಹೆಚ್ಚು. ಆದ್ದರಿಂದ ಎರಡನ್ನೂ ಒಂದೇ ದಿನ ಕೊಳ್ಳಿ, ಅಂಗಡಿಯಲ್ಲೇ ಅಕ್ಕಪಕ್ಕ ಹೊತ್ತಿಸಿ ನೋಡುವ ಹಕ್ಕು ಕೇಳಿ. ನಾನು ಪೆನ್ ಡ್ರೈವಿನಲ್ಲಿ ಎರಡೇ ಕಡತ ಒಯ್ಯುತ್ತೇನೆ. ಒಂದು ಖಾಲಿ ಬಿಳಿ ಪುಟ, ಇನ್ನೊಂದರಲ್ಲಿ ದ-ಧ, ರ-ಠ, ಸ್ವಾತಂತ್ರ್ಯ, ಉಜ್ಜ್ವಲ, ರಾಷ್ಟ್ರ, ಲಕ್ಷ್ಮಿ. ಮನೆಗೆ ತಂದ ಮೇಲೆ ಸಂಜೆ ದೀಪ ಹಾಕಿ, ಪರದೆಯ ಪಕ್ಕ ಬಿಳಿ ಹಾಳೆ ಹಿಡಿದು, ಹಾಳೆಗಿಂತ ಪರದೆ ಬೆಳಗದಷ್ಟು ಬ್ರೈಟ್‌ನೆಸ್ ಇಳಿಸುತ್ತೇನೆ. ಮೊದಲು ಎದುರಿನದು, ಆಮೇಲೆ ಪಕ್ಕದ್ದು. ಪಕ್ಕದ್ದರಲ್ಲಿ ನೀಲಿ ಹೆಚ್ಚೆನಿಸಿದರೆ ಅದರ ಮೆನುವಿಗೆ ಹೋಗಿ ಎರಡೆರಡೇ ಅಂಕ ತಗ್ಗಿಸುತ್ತ ಬರುತ್ತೇನೆ, ಬಿಳಿ ಪುಟವನ್ನು ಎರಡೂ ಪರದೆಗೆ ಅರ್ಧರ್ಧ ಹಾಸಿದಾಗ ಅದು ಒಂದೇ ಹಾಳೆಯಾಗಿ ಕಾಣುವವರೆಗೆ.